ನೀಲಿ ಕಿಂಡಿಯಿಂದ ಬಂದ ಜೋಗುಳ

ನಮ್ಮ ಮನೆತನದ ಜೋಗುಳಕ್ಕೆ ಹನ್ನೊಂದು ನುಡಿ. ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೇಳು ವರ್ಷವಾದರೂ ನನಗೆ ಬರುತ್ತಿದ್ದುದು ಮೊದಲಿನ ಎರಡು ಮಾತ್ರ. ಕಾರಣ ಹೇಳಲು ನಾಚಿಕೆಯೇನಿಲ್ಲ. ಬಳಗದಲ್ಲಿ ಯಾರ ಮಗುವಿಗೆ ತೊಟ್ಟಿಲು ಹಾಕಿದರೂ ಹಾಡುವವರು ನಮ್ಮ ಅತ್ತೆ, ಅಡಿಗೆಮನೆಯಲ್ಲಿ ಇರುವವಳು ನಾನು. ಎರಡನೆಯ ನುಡಿ ಮುಗಿಯುವಷ್ಟರಲ್ಲಿ ಒಳಗಿನಿಂದ ಯಾರಾದರೂ "ಹೆಂಚು ಕಾದೈತೆ ಬರ್ರಿ" ಎಂದು ಕೂಗುತ್ತಿದ್ದರು. ನಾನು ಎದ್ದು ಹೋಗುತ್ತಿದ್ದೆ. ಹೋಳಿಗೆ ಬೇಯಿಸಿ ಬರುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಆಗಿರುತ್ತಿತ್ತು.

ಹೋದ ವರ್ಷ ಅತ್ತೆಯ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ದೇವರು ಎರಡನ್ನೂ ಕೇಳಲಿಲ್ಲವಲ್ಲ ಎಂದು ನಾನು ಅಂದೇ ದೀಪ ಹಚ್ಚಿದ್ದೆ. ಅಂದಿನಿಂದ ಅವರ ಮಾತೆಲ್ಲ ಒಂದು ಸಣ್ಣ ಸ್ಲೇಟಿನ ಮೇಲೆ. ಓದಿದ್ದು ನಾಲ್ಕನೆಯ ಇಯತ್ತೆ; ಅಕ್ಷರ ದೊಡ್ಡವು, ಮಾತು ಚಿಕ್ಕವು.

ಈ ವರ್ಷ ಮಗಳು ಹೆರಿಗೆಗೆ ದಾವಣಗೆರೆಗೆ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದಳು. ಹೆಣ್ಣುಮಗು. ಹದಿಮೂರನೆಯ ದಿನ ಶುಕ್ರವಾರ ತೊಟ್ಟಿಲು ಹಾಕುವುದೆಂದು ನಿಶ್ಚಯವಾಯಿತು. ಅತ್ತೆ ಸ್ಲೇಟಿನ ಮೇಲೆ ಬರೆದು ನನ್ನ ಮುಂದೆ ಹಿಡಿದರು: "ಹಾಡು ನೀನು."

"ನನಗೆಲ್ಲಿ ಬರ್ತೈತ್ರಿ ಅತ್ತೆ? ಎರಡೇ ನುಡಿ. ನೀವು ಬರೆದು ಕೊಡ್ರಿ, ಬಾಯಿಪಾಠ ಮಾಡ್ತೀನಿ."

ಅವರು ಕೂತರು. ಮೂರನೆಯ ನುಡಿಯ ಮೊದಲ ಎರಡು ಪದ ಬರೆದರು, ಒರೆಸಿದರು, ಮತ್ತೆ ಬರೆದರು. ತುಟಿ ಅಲ್ಲಾಡಿಸಿದರು. ಕೊನೆಗೆ ಬಳಪ ಕೆಳಗಿಟ್ಟು ಕೈ ತಿರುವಿ ತೋರಿಸಿದರು. ರಾಗ ಹಿಡಿಯದೆ ಮಾತು ಬರುವುದಿಲ್ಲ. ರಾಗ ಹಿಡಿಯಲು ದನಿಯೇ ಇಲ್ಲ.

ಆಗ ನೆನಪಾದದ್ದು ಹರಿಹರದಲ್ಲಿರುವ ನಾದಿನಿ. ಮೂರು ವರ್ಷದ ಹಿಂದೆ ಅವಳ ಮೊಮ್ಮಗನ ತೊಟ್ಟಿಲಿನ ದಿನ ದೊಡ್ಡ ಕ್ಯಾಮೆರಾದಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಹಿಡಿಸಿದ್ದರು. ಅತ್ತೆಯ ಹಾಡು ಅದರಲ್ಲಿ ಪೂರ್ತಿ ಇರಲೇಬೇಕು. ಫೋನ್ ಮಾಡಿದ ಕೂಡಲೇ, ಭಾನುವಾರ ಮಧ್ಯಾಹ್ನವೇ, ಒಂದು ಹಾರ್ಡ್ ಡಿಸ್ಕನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದಳು.

"ಅತ್ತಿಗೆ, ಇದು ಅಲ್ಮಾರಿ ಮ್ಯಾಲಿಂದ ಒಂದ್ಸಲ ಬಿದ್ದೈತೆ. ಹಚ್ಚಿದ್ರೆ ಅರ್ಧ ತಾಸಿಗೆಲ್ಲ ಬಿಸಿ ಆಗಿ ಕಣ್ಣು ಮುಚ್ತೈತೆ. ಇನ್ನೊಂದು ಮಾತು. ಅಂಗಡಿಯವ್ರ ಕೈಗೆ ಮಾತ್ರ ಕೊಡಬ್ಯಾಡ್ರಿ. ನಮ್ಮ ಹೆಣ್ಮಕ್ಕಳ ಫೋಟೊ ಎಲ್ಲ ಅದರಾಗೇ ಅದಾವೆ."

ನಾನು ಮಾತು ಕೊಟ್ಟೆ. ಮನೆಯಲ್ಲಿ ಮಗಳು ಕಾಲೇಜಿನಲ್ಲಿದ್ದಾಗ ತೆಗೆದುಕೊಂಡ ಹಳೆಯ ಕಂಪ್ಯೂಟರ್ ಒಂದಿದೆ. ಅದನ್ನು ಬಲ್ಲವಳು ಅವಳೊಬ್ಬಳೇ. ಆದರೆ ಅವಳು ಈಗ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಬಿಗಿದ ಸ್ಕಾರ್ಫ್, ಕಿಟಕಿಗೆ ಪರದೆ. ಹಸಿ ಮೈಯಲ್ಲಿ ಬೆಳಕಿನ ಪರದೆ ದಿಟ್ಟಿಸಿದರೆ ಕಣ್ಣು ಹೋಗುತ್ತವೆಂದು ಅತ್ತೆ ಅವಳ ಫೋನನ್ನೂ ಕಸಿದು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಹೀಗಾಗಿ ನಾನು ಹೊರಕೋಣೆಯಲ್ಲಿ ಕಂಪ್ಯೂಟರಿನ ಮುಂದೆ, ಮಗಳು ಒಳಕೋಣೆಯ ಮಂಚದ ಮೇಲೆ, ನಡುವೆ ಬಾಗಿಲ ಪರದೆ. ನಾನು ಕಂಡದ್ದನ್ನು ಕೂಗಿ ಹೇಳಬೇಕು, ಅವಳು ಮಾಡಬೇಕಾದ್ದನ್ನು ಕೂಗಿ ಹೇಳಬೇಕು. ಕೂಸು ಎದ್ದರೆ ಇಬ್ಬರೂ ಬಾಯಿ ಮುಚ್ಚಬೇಕು.

ಕಂಪ್ಯೂಟರಿನ ಮುಂಭಾಗದ ಕಿಂಡಿಗೆ ಡಿಸ್ಕ್ ಸಿಕ್ಕಿಸಿದೆ. ವಿಡಿಯೊ ಕಂಡಿತು. ಹಚ್ಚಿದರೆ ಚಿತ್ರ ತಡೆತಡೆದು ಓಡಿತು; ಹಾಡು ಯಾವ ಹೊತ್ತಿನಲ್ಲಿದೆಯೋ ಎಂದು ಹುಡುಕುವಷ್ಟರಲ್ಲಿ ಡಿಸ್ಕ್ ಟಿಕ್ ಟಿಕ್ ಅಂದು ಸುಮ್ಮನಾಯಿತು.

"ಪದೇ ಪದೇ ಎಬ್ಬಿಸಬ್ಯಾಡಮ್ಮ, ಒಂದಿನ ಏಳಂಗಿಲ್ಲ ಅದು!" ಮಗಳು ಒಳಗಿನಿಂದ ಕೂಗಿದಳು. "ಆರಲಿ. ಆಮ್ಯಾಲೆ ಒಂದೇ ಸಲಕ್ಕೆ ಕಂಪ್ಯೂಟರಿಗೆ ಇಳಿಸ್ಕೋ."

ಆರಿದ ಮೇಲೆ ಇಳಿಸಲು ಹಚ್ಚಿದೆ. ಒಂದೂವರೆ ತಾಸು ಬೇಕೆಂದು ಕಂಪ್ಯೂಟರ್ ಹೇಳಿತು. ಡಿಸ್ಕಿಗೆ ಇರುವ ಆಯುಸ್ಸು ಅರ್ಧ ತಾಸು. ಅರ್ಧಕ್ಕೆ ನಿಂತರೆ ಬಂದಷ್ಟು ಉಳಿಯುವುದೇನು ಎಂದು ಕೇಳಿದೆ. ಇಲ್ಲವಂತೆ. ಇಡೀ ದಿನದ್ದು ಒಂದೇ ತುಂಡಂತೆ, ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

"ಹಿಂದ್ಗಡೆ ಎರಡು ನೀಲಿ ಕಿಂಡಿ ಅದಾವೆ ನೋಡು. ಕಾಲೇಜಿನಾಗೆ ನಾನೇ ಒಂದು ಕಾರ್ಡ್ ಹಾಕ್ಸಿದ್ದೆ. ಅದು ಜೋರು. ಅದಕ್ಕೆ ಹಾಕು, ಇಪ್ಪತ್ತೈದು ನಿಮಿಷದಾಗೆ ಮುಗೀತೈತೆ."

ಮೇಜಿನ ಕೆಳಗೆ ತೂರಿ, ಜೇಡರ ಬಲೆ ಸರಿಸಿ, ನೀಲಿ ಕಿಂಡಿಗೆ ಸಿಕ್ಕಿಸಿದೆ. ಏನೂ ಆಗಲಿಲ್ಲ. ಮಗಳು ಕಂಪ್ಯೂಟರಿನ ಪರದೆಯ ಮೇಲೆ ಎಲ್ಲೆಲ್ಲೋ ಒತ್ತಿಸಿ ಕೊನೆಗೆ ಒಂದು ಪಟ್ಟಿ ತೆರೆಸಿದಳು.

"ಏನ್ ಕಾಣ್ತೈತೆ?"

"ಒಂದು ಹಳದಿ ತ್ರಿಕೋನ. ರಸ್ತೆಯಾಗೆ ಅಪಾಯ ಅಂತ ಹಾಕಿರ್ತಾರಲ್ಲ, ಹಂಗೆ."

"ಹಾಂ, ಡ್ರೈವರ್ ಇಲ್ಲ. ಹೋದ ವರ್ಷ ಅಂಗಡಿಯವ್ರು ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಟ್ರಲ್ಲ, ಆಗ ಇದನ್ನ ಹಾಕಿಲ್ಲ."

ಡ್ರೈವರ್ ಎಂದರೇನೆಂದು ಕೇಳಿದೆ. ಕಾರ್ಡ್ ಒಳಗೇ ಇದೆಯಂತೆ, ಗಟ್ಟಿಯಾಗಿಯೇ ಇದೆಯಂತೆ, ಆದರೆ ಅದರ ಹತ್ತಿರ ಹೇಗೆ ಮಾತಾಡಬೇಕೆಂದು ಕಂಪ್ಯೂಟರಿಗೆ ತಿಳಿಯದಂತೆ. ಅದನ್ನು ತಿಳಿಸಿಕೊಡುವುದು ಡ್ರೈವರ್ ಅಂತೆ. ನಾನು ಈ ಮನೆಗೆ ಬಂದ ಮೊದಲ ವಾರ ನೆನಪಾಯಿತು. ಅಡಿಗೆಮನೆಯಲ್ಲಿ ನಾನೂ ಇದ್ದೆ, ಉಪ್ಪಿನ ಡಬ್ಬಿಯೂ ಇತ್ತು, ಎಲ್ಲಿದೆಯೆಂದು ಹೇಳುವವರು ಇರಲಿಲ್ಲ. ಇಷ್ಟು ಅರ್ಥವಾದದ್ದೇ ಆ ದಿನದ ಲಾಭ. ಮುಂದಿನದೆಲ್ಲ ಗೊಂದಲ.

ಸೋಮವಾರ ಪೂಜೆ ಮುಗಿಸಿ, ಮಗಳು ಹೇಳಿದಂತೆ ಇಂಟರ್ನೆಟ್ಟಿನಲ್ಲಿ ಹುಡುಕಲು ಕೂತೆ. ಒಂದು ಪುಟ ತೆರೆಯಿತು. ಅದರಲ್ಲಿ ಐದು ಹಸಿರು ಗುಂಡಿ, ಐದರ ಮೇಲೂ ಇಳಿಸಿಕೊಳ್ಳಿ ಎಂದೇ ಬರೆದಿತ್ತು. ಲಗ್ನದ ಕಾಲದಲ್ಲಿ ಒಂದೇ ಬೀದಿಯಲ್ಲಿ ಐದು ಶಾಮಿಯಾನ ಹಾಕಿರುತ್ತಾರಲ್ಲ, ನಮ್ಮವರದು ಯಾವುದೆಂದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ, ಹಾಗೆ. ದೊಡ್ಡದೇ ನಿಜವಿದ್ದೀತೆಂದು ಅತಿ ದೊಡ್ಡದನ್ನು ಒತ್ತಿದೆ. ಏನೋ ಇಳಿಯಿತು. ಒಪ್ಪಿಗೆಯೇ ಎಂದು ಕೇಳಿತು, ಒಪ್ಪಿದೆ. ಮತ್ತೆ ಕೇಳಿತು, ಮತ್ತೆ ಒಪ್ಪಿದೆ. ಮನೆಗೆ ಬಂದವರು ಏನಾದರೂ ಕೇಳಿದರೆ ಇಲ್ಲ ಅನ್ನುವ ರೂಢಿ ನನಗಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಎದ್ದು, ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಹೆದರಿಸತೊಡಗಿತು.

"ಅಮ್ಮ! ಏನ್ ಒತ್ತಿದಿ?"

"ಹಸಿರುದು."

"ಹಸಿರುದು ಅಂದ್ರೆ ಯಾವ್ದು?"

"ದೊಡ್ಡ ಹಸಿರುದು."

ಒಳಗೆ ಮಗಳು ನಗುವುದೂ, ನಗಬೇಡ ಹೊಟ್ಟೆ ನೋಯುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುವುದೂ ಕೇಳಿಸಿತು. ಇಳಿಸಿದ್ದನ್ನೆಲ್ಲ ತೆಗೆಯುವುದರಲ್ಲಿ ಸೋಮವಾರ ಕಳೆಯಿತು. ಕಂಪ್ಯೂಟರ್ ಸಾಯಲಿಲ್ಲ, ಅದೇ ದೊಡ್ಡದು.

ಮಂಗಳವಾರ ಬೆಳಿಗ್ಗೆ ಬಾಣಂತಿಗೆ ನೀರೆರೆದು, ಕೂಸಿಗೆ ಸಾಂಬ್ರಾಣಿ ಹಿಡಿದು, ಆಟೊ ಹತ್ತಿ ಪಿ.ಜೆ. ಬಡಾವಣೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಡಿಸ್ಕ್ ಒಯ್ಯಲಿಲ್ಲ, ನಾದಿನಿಗೆ ಕೊಟ್ಟ ಮಾತಿತ್ತು.

"ಯಾವ ಕಾರ್ಡ್ರಿ ಅಮ್ಮಾರೆ ಅದು?" ಅಂಗಡಿಯವರು ಕೇಳಿದರು.

"ಹಸಿರು ಬಣ್ಣದ್ದು."

"ಎಲ್ಲಾ ಹಸಿರೇ ಇರ್ತಾವ್ರಿ. ಯಾರು ಮಾಡಿದ್ದು, ನಂಬರ್ ಏನು?"

"ಅದು ತಿಳೀವಲ್ದು. ನೀಲಿ ಕಿಂಡಿ ಎರಡು ಅದಾವೆ."

"ಎಲ್ಲಾದಕ್ಕೂ ನೀಲೀನೇ ಇರ್ತಾವ್ರಿ," ಎಂದು ಅವರು ನಕ್ಕರು. ಕೆಟ್ಟ ನಗುವಲ್ಲ. "ಹೊಸ ಕಂಪ್ಯೂಟರ್ ಆಗಿದ್ರೆ ತಾನೇ ಗುರುತು ಹಿಡೀತಿತ್ತು. ನಿಮ್ದು ಹಳೇದು, ಅದಕ್ಕೆ ಆ ಕಾರ್ಡಿಂದೇ ಡ್ರೈವರ್ ಬೇಕು. ಪೆಟ್ಟಿಗಿ ಇಲ್ಲಿಗೆ ತಂದು ಇಡ್ರಿ, ಬಿಚ್ಚಿ ನೋಡ್ತೀನಿ. ನಿಮ್ಮ ಮುಂದೆ ಎಂಟು ಪೆಟ್ಟಿಗಿ ಕೂತಾವೆ, ಶನಿವಾರ ಆಗ್ತೈತೆ."

"ಶುಕ್ರವಾರ ತೊಟ್ಟಿಲು ಐತ್ರಿ."

ತೊಟ್ಟಿಲಿಗೂ ಕಾರ್ಡಿಗೂ ಏನು ಸಂಬಂಧವೆಂದು ಅವರು ಕೇಳಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಕಾರ್ಡ್ ಕೊಂಡಾಗ ಡಬ್ಬಿ ಒಳಗೆ ಒಂದು ಸಣ್ಣ ಸಿ.ಡಿ. ಕೊಟ್ಟಿರ್ತಾರೆ. ಇಷ್ಟೇ, ಅಂಗೈಯಷ್ಟು. ಡ್ರೈವರ್ ಇರೋದು ಅದರಾಗೇ. ಮನ್ಯಾಗೆ ಎಲ್ಲಾದ್ರೂ ಐತೇನು ಹುಡುಕ್ರಿ."

ಹುಡುಕುವ ಅಗತ್ಯವೇ ಇರಲಿಲ್ಲ. ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ಆ ಸಿ.ಡಿ. ಬಂದ ವರ್ಷ ಶ್ರಾವಣದ ಶುಕ್ರವಾರ ಲಕ್ಷ್ಮಿ ಕೂರಿಸುವಾಗ, ಮಗಳ ಮೇಜಿನ ಮೇಲೆ ಅದು ಬಿದ್ದಿತ್ತು. ಕಾಮನಬಿಲ್ಲಿನಂಥ ಹೊಳಪು, ನಮ್ಮ ಪುಟ್ಟ ಬೆಳ್ಳಿಯ ಮುಖಕ್ಕೆ ಹೇಳಿ ಮಾಡಿಸಿದ ಅಳತೆ. ಕಸಕ್ಕೆ ಹೋಗುವುದು ದೇವಿಯ ತಲೆಯ ಹಿಂದೆ ಇರಲಿ ಎಂದು ಸುತ್ತ ಕೆಂಪು, ಹಸಿರು ಹರಳು ಅಂಟಿಸಿ, ಬೆನ್ನಿಗೆ ರಟ್ಟು ಹಚ್ಚಿ ಪ್ರಭಾವಳಿ ಮಾಡಿದ್ದೆ. ಬಂದವರೆಲ್ಲ ಎಲ್ಲಿ ಕೊಂಡಿರಿ ಎಂದು ಕೇಳಿದ್ದರು. ಹೋದ ವರ್ಷ ಅತ್ತೆ ಆಸ್ಪತ್ರೆಯಲ್ಲಿದ್ದುದರಿಂದ ನಮ್ಮಲ್ಲಿ ಲಕ್ಷ್ಮಿ ಕೂರಿಸಲಿಲ್ಲ. ವ್ರತ ತಪ್ಪಬಾರದೆಂದು ನಾದಿನಿ ಮುಖವಾಡ, ಪ್ರಭಾವಳಿ, ಪುಟ್ಟ ಸೀರೆ ಎಲ್ಲವನ್ನೂ ಹರಿಹರಕ್ಕೆ ಒಯ್ದಿದ್ದಳು.

ಅಲ್ಲಿಂದಲೇ ಹರಿಹರದ ಬಸ್ಸು ಹಿಡಿದೆ. ಸೀಟು ಸಿಕ್ಕಿತು. ದಾರಿಯುದ್ದಕ್ಕೂ ದೇವರ ಪ್ರಭಾವಳಿ ಕೀಳುವುದು ತಪ್ಪೋ, ಕಂಪ್ಯೂಟರಿನ ಸಾಮಾನನ್ನು ದೇವರಿಗೆ ಹಚ್ಚಿದ್ದೇ ತಪ್ಪೋ ಎಂದು ತೂಗಿ ತೂಗಿ ತಲೆ ಭಾರವಾಯಿತು.

ನಾದಿನಿಯ ದೇವರಮನೆಯಲ್ಲಿ ಲಕ್ಷ್ಮಿ ಕೂತೇ ಇದ್ದಳು. ಹೋದ ವರ್ಷದ ಶ್ರಾವಣ ಮುಗಿದು ತಿಂಗಳುಗಳಾದರೂ ಅವಳು ಇಳಿಸಿರಲಿಲ್ಲ.

"ಅಯ್ಯೋ ಅತ್ತಿಗೆ, ಪೂಜೆಗೆ ಕೂತಿದ್ದನ್ನ ಹೆಂಗೆ ಕೀಳೋದು?" ಅಂದಳು. "ಅದು ಕಂಪ್ಯೂಟರಿಂದು ಅಂತ ಗೊತ್ತಿದ್ರೆ ನಾನು ದಿನಾ ಕುಂಕುಮ ಹಚ್ತಿದ್ನೇನು? ಮೊದಲೇ ಹೇಳಬಾರ್ದೇನು?"

"ನನಗೇ ಇವತ್ತು ಗೊತ್ತಾಗೈತೆ. ನಿಮ್ಮವ್ವನ ಹಾಡಿಗೋಸ್ಕರ ಕಣೆ. ದೇವಿ ಏನೂ ಅನ್ಕೊಳಂಗಿಲ್ಲ."

ಕೈಕಾಲು ತೊಳೆದು ಬಂದು, ಊದುಬತ್ತಿ ಹಚ್ಚಿ, ತಾಯಿ ಮೂರು ದಿನಕ್ಕೆ ಕೊಡು ಎಂದು ಬೇಡಿಕೊಂಡೆ. ಪ್ರಭಾವಳಿ ತೆಗೆದ ಜಾಗದಲ್ಲಿ ನಾದಿನಿ ಒಂದು ದೊಡ್ಡ ಸೇವಂತಿಗೆ ಇಟ್ಟಳು. ನೋಡಿದರೆ ಅದೇ ಚೆನ್ನಾಗಿ ಕಾಣುತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಹರಳುಗಳನ್ನು ಒಂದೊಂದಾಗಿ ಬಿಡಿಸಲು ಕೂತೆ. ಅಂಟು ಗಟ್ಟಿ. ಹರಳು ಏಳುವಾಗ ಅದರ ಜೊತೆಗೆ ಹೊಳಪೂ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಆದರೂ ಬೆನ್ನಿನ ರಟ್ಟು ಕಿತ್ತು, ಒರೆಸಿ ಕಂಪ್ಯೂಟರಿನ ಬಾಯಿಗೆ ಕೊಟ್ಟೆ. ಕಲ್ಲು ಸಿಕ್ಕ ಮಿಕ್ಸಿಯ ಹಾಗೆ ಗರಗರ ಅಂದಿತು, ಹೊರಗೆ ಉಗುಳಿತು. ಮತ್ತೆ ಕೊಟ್ಟೆ, ಮತ್ತೆ ಉಗುಳಿತು.

"ಬಿಡಮ್ಮ, ಅದು ಹೋಗೈತೆ," ಅಂದಳು ಮಗಳು, ಮೆಲ್ಲಗೆ.

ನಾನು ನೆಲದ ಮೇಲೆ ಕೂತೆ. ತೊಟ್ಟಿಲಿಗೆ ಇನ್ನು ಎರಡೇ ದಿನ. ಎರಡು ನುಡಿ ಹಾಡಿ ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡು ನಿಲ್ಲುವುದು, ಅತ್ತೆ ಅದನ್ನು ನೋಡುತ್ತ ಕೂರುವುದು ಕಣ್ಣಿಗೆ ಕಟ್ಟಿತು. ಅತ್ತೆ ನನ್ನ ಪಕ್ಕಕ್ಕೆ ಬಂದು ಸಿ.ಡಿ. ಎತ್ತಿಕೊಂಡರು. ಹೊಳೆಯುವ ಮಗ್ಗುಲನ್ನು ನೋಡಲೇ ಇಲ್ಲ. ತಿರುವಿ ಹಾಕಿ, ಬೆನ್ನಿಗೆ ಇನ್ನೂ ಅಂಟಿಕೊಂಡಿದ್ದ ರಟ್ಟಿನ ಪದರವನ್ನು ಉಗುರಿನಿಂದ ಕಿತ್ತು, ಒದ್ದೆ ಸೆರಗಿನಿಂದ ಒರೆಸಿದರು. ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು, ಅದರ ಮುಂದೆ ಅಂಕಿಗಳು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯಲ್ಲಿ ಇರುವುದರ ಹೆಸರು ಅನ್ನುವುದು ಯಾವ ಹೆಂಗಸಿಗೂ ಗೊತ್ತು. ಬಳಪದ ತುದಿಯಿಂದ ಅದನ್ನೇ ತಟ್ಟಿ ತಟ್ಟಿ ತೋರಿಸಿದರು.

ನಾನು ಬಾಗಿಲ ಪರದೆಯ ಹತ್ತಿರ ಹೋಗಿ ಓದಿದೆ. ಮಗಳಿಗೆ ಕೇಳಿಸಲಿಲ್ಲ. ಮತ್ತೆ ಓದಿದೆ. ಆಗ ಅತ್ತೆಯೇ ಒಳಗೆ ಹೋಗಿ, ಮಗಳ ಒಂದು ಕಿವಿಯ ಹತ್ತಿಯನ್ನು ತಮ್ಮ ಕೈಯಾರೆ ತೆಗೆದರು. ಆ ಹತ್ತಿಗಾಗಿ ಒಂಬತ್ತು ದಿನ ನಮ್ಮಿಬ್ಬರ ಜೊತೆ ಜಗಳವಾಡಿದವರು ಅವರು.

"ಅಮ್ಮ, ಅದು ಕಾರ್ಡಿನ ಚಿಪ್ ನಂಬರ್! ಡ್ರೈವರ್ ಹುಡುಕೋಕೆ ಅಷ್ಟೇ ಸಾಕು. ಬರ್ಕೋ. ಅದನ್ನೇ ಹಾಕಿ ಹುಡುಕು. ಆ ಚಿಪ್ ಮಾಡಿದವರ ಪುಟಕ್ಕೇ ಹೋಗು, ಹಸಿರು ಗುಂಡಿ ಕಂಡ್ರೆ ಮುಟ್ಟಬ್ಯಾಡ."

ಸಂಜೆ ನಮ್ಮ ಯಜಮಾನರು ಇಲ್ಲೇ ಪಕ್ಕದ ಕರೂರಿನ ಕಾರ್ಖಾನೆಯಿಂದ ಬಂದರು. ಇವರದು ಲೇತ್ ಯಂತ್ರದ ಕೆಲಸ. ಮೂರು ದಿನದಿಂದ ನಮ್ಮ ಪಾಡನ್ನು ಕೇಳಿ ತಲೆ ಆಡಿಸಿ ಚಹಾ ಕುಡಿಯುತ್ತಿದ್ದವರು, ನಂಬರ್ ಎಂದ ಕೂಡಲೇ ಕುರ್ಚಿ ಎಳೆದುಕೊಂಡು ಕೂತರು.

"ನಂಬರ್ ಸಿಕ್ತು ಅಂದ್ರೆ ಅರ್ಧ ಕೆಲಸ ಮುಗೀತು ಬಿಡು. ಇಷ್ಟು ದಿನ ನಂಬರ್ ಇಲ್ದೆ ಹುಡುಕ್ತಿದ್ರೇನು? ನಂಬರ್ ಇಲ್ದೆ ಒಂದು ಬೇರಿಂಗೂ ಸಿಗಂಗಿಲ್ಲ."

"ಮೊನ್ನೆನೇ ಹೇಳಬಾರ್ದೇನ್ರಿ ಇದನ್ನ?"

"ನೀವು ಕೇಳಿದ್ರೇನು?"

ನಾನು ಅಕ್ಷರ ಹೇಳಿದೆ, ಇವರು ಒಂದೇ ಬೆರಳಿನಲ್ಲಿ ಒತ್ತಿದರು. ಪುಟ ಸಿಕ್ಕಿತು. ಅದರಲ್ಲಿ ಹಸಿರು ಗುಂಡಿ ಒಂದೂ ಇರಲಿಲ್ಲ. ಬೂದು ಬಣ್ಣದ ಸಪ್ಪೆ ಪುಟ, ಸರಕಾರಿ ಕಚೇರಿಯ ಗೋಡೆಯ ಹಾಗೆ. ಒಂದು ಹಳೆಯದು, ಒಂದು ಹೊಸದು, ಅದರಲ್ಲಿ ಮತ್ತೆ ಮೂವತ್ತೆರಡರದ್ದು, ಅರವತ್ತನಾಲ್ಕರದ್ದು. ಮತ್ತೆ ನನಗೆ ಕಣ್ಣು ಕತ್ತಲೆ. ನಮ್ಮದು ಯಾವುದೆಂದು ನೋಡುವ ಬಗೆಯನ್ನು ಮಗಳು ಒಳಗಿನಿಂದ ಹೇಳಿಕೊಟ್ಟಳು. ಅರವತ್ತನಾಲ್ಕು.

"ಇದೂ ನಟ್ಟು ಬೋಲ್ಟಿನ ಹಂಗೇ," ಅಂದರು ಇವರು. "ಅರ್ಧ ನೂಲು ಫರಕ್ ಆದ್ರೂ ಕೂರಂಗಿಲ್ಲ."

ಇಳಿಸಿ, ಹಾಕಿ, ಕಂಪ್ಯೂಟರ್ ಆರಿಸಿ ಹಚ್ಚಿದೆವು. ಪಟ್ಟಿ ತೆರೆದೆ. ಹಳದಿ ತ್ರಿಕೋನ ಇರಲಿಲ್ಲ. ತಪ್ಪಾಗಿ ನೋಡುತ್ತಿದ್ದೇನೆಯೇ ಎಂದು ಕನ್ನಡಕ ಒರೆಸಿ ಮತ್ತೆ ನೋಡಿದೆ. ಇರಲಿಲ್ಲ.

ಡಿಸ್ಕನ್ನು ನೀಲಿ ಕಿಂಡಿಗೆ ಸಿಕ್ಕಿಸುವ ಮುಂಚೆ ಇವರು ಒದ್ದೆ ಬಟ್ಟೆಯ ಮೇಲೆ ಸ್ಟೀಲ್ ತಟ್ಟೆಯನ್ನು ಕವುಚಿ, ಅದರ ಮೇಲೆ ಡಿಸ್ಕ್ ಇಟ್ಟು, ಮೇಜಿನ ಫ್ಯಾನನ್ನು ಅದರ ಕಡೆಗೆ ತಿರುಗಿಸಿದರು. ಕಾದ ಕಬ್ಬಿಣದ ಜೊತೆ ಮೂವತ್ತು ವರ್ಷ ಬಾಳಿದವರ ಬುದ್ಧಿ. ಇಳಿಸಲು ಹಚ್ಚಿದೆವು. ಇಪ್ಪತ್ತಾರು ನಿಮಿಷ ಅಂದಿತು. ಸ್ವಲ್ಪ ಹೊತ್ತಿಗೆ ಮೂವತ್ತೊಂದು ಅಂದಿತು. ಆಮೇಲೆ ಹತ್ತೊಂಬತ್ತು. ಕಾಲ ಹಿಂದಕ್ಕೂ ಮುಂದಕ್ಕೂ ಹೋಗುವುದನ್ನು ನಾನು ಅದೇ ಮೊದಲು ಕಂಡದ್ದು. ಅತ್ತೆ ರುದ್ರಾಕ್ಷಿ ಹಿಡಿದು ಕೂತಿದ್ದರು. ಕರೆಂಟ್ ಹೋಗದಿರಲಿ ಎಂದು ನಾನು ದೇವರಿಗೆ ದೀಪ ಹಚ್ಚಿ, ಆ ದೀಪದ ಮುಂದೆಯೇ ನಿಂತೆ. ಕರೆಂಟ್ ಹೋಗಲಿಲ್ಲ. ಇವರು ಒಳಗೆ ಬಂದು "ಆತು" ಅಂದರು, ಅಷ್ಟೇ.

ಗುರುವಾರ ಇಡೀ ದಿನ ಆ ವಿಡಿಯೊ. ನಾದಿನಿಯ ಮನೆಯ ಅಂಗಳ, ನೆಂಟರು, ಕುಕ್ಕರಿನ ಸೀಟಿ, ಆಮೇಲೆ ತೊಟ್ಟಿಲು, ತೊಟ್ಟಿಲ ಹಗ್ಗ ಹಿಡಿದ ಅತ್ತೆ. ದನಿ ಬಂದ ಕೂಡಲೇ ಅತ್ತೆ ಕಣ್ಣು ಮುಚ್ಚಿದರು. ಹೋದದ್ದು ಕಿವಿಗೆ ತಿರುಗಿ ಬಂದರೆ ಮನುಷ್ಯರ ಮುಖ ಹೇಗಾಗುತ್ತದೆಂದು ನಾನು ಬರೆಯಲಾರೆ. ಮೂರನೆಯ ನುಡಿ. ನಾಲ್ಕನೆಯದು. "ಹೊಳೆಯ ದಂಡೀಲಿ ಹುಟ್ಟಿದ ಗಾಳಿ, ಬಾಗಿಲಾಗೆ ನಿಲ್ಲು, ಕೂಸು ಮಲಗೈತೆ" ಎಂಬಂಥ ಸಾಲುಗಳು ಈ ಮನೆಯಲ್ಲಿ ಇಷ್ಟು ವರ್ಷ ಇದ್ದವು, ನನಗೆ ಗೊತ್ತಿರಲಿಲ್ಲ. ನಿಲ್ಲಿಸುತ್ತ, ಹಿಂದಕ್ಕೆ ಸರಿಸುತ್ತ ಬರೆದುಕೊಂಡೆ.

ಏಳನೆಯ ನುಡಿ ಬಂತು. ಮೊದಲ ಸಾಲು ಮುಗಿದು ಎರಡನೆಯದು ಶುರುವಾಗುವಾಗ, ಅಡಿಗೆಮನೆಯಿಂದ ಒಂದು ಹೆಂಗಸಿನ ಕೂಗು, ಹಾಡಿನ ಮೇಲೆಯೇ: "ಅನ್ನ ಆಗೈತ್ರೀ, ಎಲಿ ಹಾಕ್ಲೇನೂ?"

ಆ ದನಿ ನನ್ನದು.

ಮತ್ತೆ ಹಚ್ಚಿದೆ. ಮತ್ತೆ ನಾನೇ ಕೂಗಿದೆ. ಸಾಲು ಪೂರ್ತಿ ಮುಚ್ಚಿಹೋಗಿತ್ತು. ಒಳಗಿನಿಂದ ಮಗಳು "ಅಮ್ಮ, ಅದು ನೀನೇ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅತ್ತೆಯ ಕಡೆ ನೋಡಿದೆ. ಅವರು ರಾಗದ ಜೊತೆಗೆ ತುಟಿ ಅಲ್ಲಾಡಿಸುತ್ತ ಸ್ಲೇಟು ತೆಗೆದುಕೊಂಡು ಎರಡು ಪದ ಬರೆದರು. ಮೂರನೆಯದಕ್ಕೆ ಬಳಪ ನಿಂತಿತು. ಹಿಂದಕ್ಕೆ ಸರಿಸಿ ನಾಲ್ಕೈದು ಸಲ ಹಚ್ಚಿದೆವು. ಪ್ರತಿ ಸಲ ಅಲ್ಲಿಗೇ ನಿಂತಿತು. ಕೊನೆಗೆ ಅವರು ಆ ಎರಡು ಪದವನ್ನೂ ಒರೆಸಿ, ದನಿಯಿಲ್ಲದ ನಗು ನಕ್ಕು, ನನ್ನ ಕೆನ್ನೆಗೆ ಬಳಪದ ಕೈಯಿಂದ ಮೆಲ್ಲಗೆ ತಟ್ಟಿದರು.

ಶುಕ್ರವಾರ ತೊಟ್ಟಿಲು ಕಟ್ಟಿದೆವು. ಹೆಂಗಸರೆಲ್ಲ ಬಂದರು, ನಾದಿನಿಯೂ ಬಂದಳು. ಒಳಗೆ ಹೋಳಿಗೆಯ ಹೆಂಚು ಕಾಯುತ್ತಿತ್ತು. ಕೂಸನ್ನು ಮಲಗಿಸಿದ ಮೇಲೆ ನಾನು ಅಡಿಗೆಮನೆಗೆ ಹೋಗಿ ಎರಡೂ ಒಲೆ ಆರಿಸಿದೆ.

"ಯಾಕ ಅತ್ತಿಗೆ? ಹಿಟ್ಟು ಲಟ್ಟಿಸಿ ಆಗೈತೆ!" ಅಂದಳು ನಾದಿನಿ.

"ಹಾಡು ಮುಗಿಯೋತನಕ ಒಲಿ ಬ್ಯಾಡ. ಎಲ್ಲರೂ ಹೊರಗೆ ಬಂದು ಕೂಡ್ರಿ."

"ಗಂಡಸ್ರು ಹಸಿದಾರೆ."

"ಹಸೀಲಿ."

ಲಟ್ಟಣಿಗೆ ಕೈಯಲ್ಲಿ ಹಿಡಿದುಕೊಂಡೇ ಅವಳು ಬಂದು ಕೂತಳು. ಒಳಗಿದ್ದ ಉಳಿದವರೂ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಹಗ್ಗ ಹಿಡಿದು ಹಾಡಿದೆ. ನನ್ನ ದನಿ ಅತ್ತೆಯದರಂತಲ್ಲ, ಒರಟು. ಶ್ರುತಿ ಅಲ್ಲಲ್ಲಿ ಜಾರಿತು. ಏಳನೆಯ ನುಡಿಯ ಎರಡನೆಯ ಸಾಲಿಗೆ ಮಾತಿರಲಿಲ್ಲ. ಅಲ್ಲಿ ಬರಿಯ ರಾಗವನ್ನು ಗುನುಗಿದೆ. ತೊಟ್ಟಿಲಿನ ಕೊಂಡಿ ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು. ಎಂಟು, ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದನೆಯದು ಇಷ್ಟು ಚಿಕ್ಕದೆಂದು ಗುರುವಾರದವರೆಗೆ ನನಗೆ ತಿಳಿದಿರಲಿಲ್ಲ, ಒಂದೂವರೆ ಸಾಲು.

ಡ್ರೈವರ್ ಎಂದರೆ ಏನೆಂದು ಇಂದಿಗೂ ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಹರಳು ಕಿತ್ತ ಆ ಸಿ.ಡಿ. ದೇವರಮನೆಯ ಕಪಾಟಿನಲ್ಲಿದೆ, ಎಸೆಯಲು ಮನಸ್ಸಿಲ್ಲ, ದೇವಿಗೆ ಮತ್ತೆ ಹಚ್ಚಲು ಧೈರ್ಯವಿಲ್ಲ. ಸಂಜೆ ಹೊತ್ತು ಕೂಸಿಗೆ ಹಾಡುವಾಗ ಏಳನೆಯ ನುಡಿ ಬಂದರೆ ಅತ್ತೆ ಎಲ್ಲಿದ್ದರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಕೈಯಲ್ಲಿ ಸ್ಲೇಟು ಹಿಡಿದು. ನಾನು ಆ ಸಾಲನ್ನು ಎರಡು ಸಲ ಗುನುಗುತ್ತೇನೆ.